ಹಿಂಬದಿಯ ಉಗುರು

ಲುವೊಯಾಂಗ್ ಹಳೇಪೇಟೆಯ ಭಾನುವಾರದ ಸಂತೆಯಲ್ಲಿ
ನನ್ನದೊಂದು ಮಡಚುವ ಮೇಜು, ಒಂದು ಭೂತಗನ್ನಡಿ,
ಬಂಗಾರ ತೂಗುವ ತಕ್ಕಡಿ, ಎರಡು ಸ್ಟೂಲು.
ಹತ್ತು ಯುವಾನ್ ಕೊಟ್ಟರೆ ನಿಜ ಹೇಳುತ್ತೇನೆ.
ಜನಕ್ಕೆ ಅದೂ ದುಬಾರಿ.

ಮೊದಲು ಮೂಸುತ್ತೇನೆ. ನಗಬೇಡಿ.
ಸಾವಿರ ವರ್ಷ ಮಣ್ಣಲ್ಲಿ ಮಲಗಿದ ಕಂಚಿಗೆ
ಮಣ್ಣಿನದೇ ವಾಸನೆ, ಅದೂ ಇದೆಯೋ ಇಲ್ಲವೋ ಎಂಬಷ್ಟು.
ನಿನ್ನೆ ಹುಟ್ಟಿದ್ದಕ್ಕೆ ಆಮ್ಲದ ಘಾಟು, ಗೋಂದಿನ ಕಮಟು.
ಆಮೇಲೆ ಕಿಲುಬು.
ನಿಜವಾದದ್ದು ಒಳಗಿನಿಂದ ಮೇಲೆದ್ದು ಬಂದಿರುತ್ತದೆ,
ಕೆಂಪಿನ ಮೇಲೆ ಹಸಿರು, ಹಸಿರಿನೊಳಗೆ ನೀಲಿಯ ಹರಳು;
ಚುಚ್ಚಿದರೆ ಸೂಜಿಯೇ ಸೋಲಬೇಕು.
ಹಚ್ಚಿದ ಕಿಲುಬು ಬಿಸಿನೀರಿಗೆ ಬಿತ್ತೋ
ನಾಟಕ ಮುಗಿದ ಮೇಲಿನ ಬಣ್ಣ.
ಕಲ್ಲಿನ ಮೇಲೆ ಬೀಳಿಸಿ ಕೇಳಿ:
ಹೊಸದು ಕಿಣಿಕಿಣಿ ಹರಟುತ್ತದೆ,
ಹಳೆಯದು ಟಕ್ ಅಂದು
ಸುಮ್ಮನಾಗುತ್ತದೆ.

ಇದೆಲ್ಲ ನಿನಗೆ ಹೇಗೆ ಗೊತ್ತು ಎಂದು ಯಾರೂ ಕೇಳುವುದಿಲ್ಲ.

ಟ್ರ್ಯಾಕ್ಟರ್ ಕಾರ್ಖಾನೆಯ ಎರಕದ ಮನೆಯಲ್ಲಿ ಹದಿನೆಂಟು ವರ್ಷ.
ತೊಂಬತ್ತಮೂರರಲ್ಲಿ ಮನೆಗೆ ಕಳಿಸಿದರು.
ಕೈಗೆ ಮರಳು ಗೊತ್ತಿತ್ತು, ಬೆಂಕಿ ಗೊತ್ತಿತ್ತು,
ಹೊಟ್ಟೆಗೆ ಬೇರೇನೂ ಗೊತ್ತಿರಲಿಲ್ಲ.
ಅಸಲಿಯೊಂದನ್ನು ಮರಳಿಗೊತ್ತಿ ಎರಕ ಹೊಯ್ದರೆ
ಮಗು ತಾಯಿಗಿಂತ ಒಂದು ಕೂದಲೆಳೆ ಸಣ್ಣದು,
ಲೋಹ ಆರುವಾಗ ಮೈ ಕುಗ್ಗಿಸಿಕೊಳ್ಳುತ್ತದೆ.
ಆ ಕೂದಲೆಳೆಗೇ ಸಿಕ್ಕಿಬಿದ್ದವರು ಎಷ್ಟೋ ಮಂದಿ.
ಅದಕ್ಕೇ ನಾನು ಮೇಣದಲ್ಲಿ ಹೊಸದಾಗಿಯೇ ಕೊರೆದೆ,
ಕೂದಲೆಳೆಯನ್ನೂ ಸೇರಿಸಿ.

ಥಾಂಗ್ ಕಾಲದ ಕೆಲವು ನಾಣ್ಯದ ಬೆನ್ನಿಗೆ
ಬಿದಿಗೆ ಚಂದ್ರನಂಥ ಒಂದು ಗೀರು.
ಮೇಣದ ಮಾದರಿಗೆ ರಾಣಿಯ ಉಗುರು ತಾಗಿತಂತೆ,
ತಿದ್ದುವ ಧೈರ್ಯ ಯಾರಿಗೂ ಬರಲಿಲ್ಲವಂತೆ.
ಬರೀ ಕತೆ. ಆದರೂ ಗಿರಾಕಿಗೆ ಬೇಕು.
ರಾಣಿಯನ್ನು ಎಲ್ಲಿಂದ ತರಲಿ?
ಒಲೆಯ ಮುಂದೆ ಬೆಳ್ಳುಳ್ಳಿ ಸುಲಿಯುತ್ತಿದ್ದ
ಚಿಯಾವ್‌ಲಿಂಗಳನ್ನು ಕರೆದೆ: "ಇಲ್ಲೊಮ್ಮೆ ಒತ್ತು."
ಹೆಬ್ಬೆರಳ ಉಗುರು. ನೂಲಿನ ಗಿರಣಿಯಲ್ಲಿ ಸೀಳಿ
ನಡುವೆ ಒಂದು ಕಚ್ಚು ಉಳಿದದ್ದು.
ಒತ್ತಿದಳು. "ಇನ್ನು ನಾನು ಮಹಾರಾಣಿ" ಎಂದು
ಅದೇ ಕೈಯಲ್ಲಿ ನನ್ನ ಕಿವಿ ಹಿಂಡಿದಳು.
ವಾರವಿಡೀ ಕಿವಿಯೆಲ್ಲ ಬೆಳ್ಳುಳ್ಳಿ.

ಮೇಣ ಕರಗಿಹೋಯಿತು. ಒಂದೇ ಒಂದು ನಾಣ್ಯ.
ಅದನ್ನು ಮಾರಿ ಗೋಧಿಹಿಟ್ಟು, ಕಲ್ಲಿದ್ದಲು, ಅವಳಿಗೊಂದು ಹತ್ತಿಯ ಕೋಟು.
ಕೋಟು ಈಗಲೂ ಮೊಳೆಯಲ್ಲಿದೆ.

ಇವತ್ತು ಸಾನ್‌ಮೆನ್‌ಶ್ಯಾದಿಂದ ಬಂದ ಹುಡುಗಿ
ಕೆಮ್ಮಿನ ಗುಳಿಗೆಯ ಡಬ್ಬಿ ತೆರೆದಳು.
"ಅಜ್ಜ ಸಾಯುವ ತನಕ ಅಂಗಿಯ ಒಳಜೇಬಲ್ಲೇ ಇಟ್ಟಿದ್ದರು."
ಆ ಜೇಬು ಮೂವತ್ತು ವರ್ಷ ಉಜ್ಜಿ ಉಜ್ಜಿ
ನನ್ನ ಕಿಲುಬನ್ನೆಲ್ಲ ತಿಂದುಹಾಕಿತ್ತು.
ಅಂಚು ಅಸಲಿಯ ಹಾಗೇ ಮುಪ್ಪಾಗಿತ್ತು.
ಬೆನ್ನು ತಿರುಗಿಸಿದೆ.
ಚಂದ್ರ. ಚಂದ್ರನ ನಡುವೆ ಕಚ್ಚು.

ಮೂಸಲಿಲ್ಲ. ಬೀಳಿಸಲಿಲ್ಲ. ತಕ್ಕಡಿಗೆ ಇಡಲಿಲ್ಲ.
"ನಕಲಿ" ಅಂದೆ.
ಅಷ್ಟಕ್ಕೇ ಬಾಯಿ ಮುಚ್ಚಬೇಕಿತ್ತು.
"ಇನ್ನೂರು ಕೊಡುತ್ತೇನೆ, ಬಿಟ್ಟುಹೋಗಮ್ಮ."
"ನಕಲಿ ಅಂದಮೇಲೆ ಇನ್ನೂರು ಯಾಕೆ?"
"ಐನೂರು."
ಅಲ್ಲಿಗೆ ಕೆಟ್ಟಿತು.
ಅಸಲಿಯನ್ನು ನಕಲಿ ಅನ್ನುವ ಮುದುಕರ ಬಗ್ಗೆ
ಯಾರೋ ಅವಳಿಗೆ ಹೇಳಿಯೇ ಕಳಿಸಿರಬೇಕು.
ಎಷ್ಟು ಮಂದಿಯ ಕಣ್ಣಿಗೆ ಮಣ್ಣೆರಚಿದ್ದೆನೋ,
ಇವಳ ಕಣ್ಣಲ್ಲಿ ಒಂದು ಕಾಳು ಮಣ್ಣಿಲ್ಲ.
ಹೇಳಿಬಿಡಲೇ ಅದು ನನ್ನ ಹೆಂಡತಿಯ ಉಗುರೆಂದು?
ಸಂತೆಯಲ್ಲಿ ಇದಕ್ಕಿಂತ ಸವಕಲು ಕತೆ ಯಾವುದಿದೆ!

ಡಬ್ಬಿ ಮುಚ್ಚಿ, ಬ್ಯಾಗಿನ ಜಿಪ್ಪು ಎಳೆದು,
ಹತ್ತು ಯುವಾನನ್ನು ಫೋನಿನಿಂದಲೇ ಕಳಿಸಿ ಎದ್ದಳು.
ನನ್ನ ಜೇಬು ಟಿಂಗ್ ಅಂದಿತು,
ಹೊಸ ದುಡ್ಡಿನ ಸದ್ದು.
ಅವಳ ನಂಬಿಕೆ ಈಗ ಗಟ್ಟಿ: ಅಜ್ಜನದು ಅಸಲಿ.
ಜೇಡ್ ಬಳೆಯ ಅಂಗಡಿ ದಾಟುವವರೆಗೂ
ಬ್ಯಾಗನ್ನು ಎದೆಗೊತ್ತಿಕೊಂಡು ಹೋಗುವುದು ಕಂಡಿತು.

ಮುಂದಿನ ಗಿರಾಕಿ ಸ್ಟೂಲು ಎಳೆದುಕೊಂಡ.
ನಾನು ಕಿವಿ ಮುಟ್ಟಿ
ಬೆರಳು ಮೂಸಿಕೊಂಡೆ.